ಬೈಗೆ ಏರಿದ ಪದ್ದಣ್ಣ

ಕೋಡಿಯ ಪದ್ದಣ್ಣನಿಗೆ ಬೈಕ್ ಬಿಡಲು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು, ಅವನೇ ಬೈಕ್ ಮೆರವಣಿಗೆಯ ಮುಂದಾಳು ಎಂದು ನಾನು ಊರಿಗೆಲ್ಲ ನೋಟಿಸು ಹಂಚಿದ ಮಾರನೆಯ ದಿನ.

ನಾನು ಶೈಲೇಶ. ಕೋಟೇಶ್ವರದಲ್ಲಿ ಟಯರ್ ಅಂಗಡಿ ಇಟ್ಟಿದ್ದೇನೆ, ನಮ್ಮ ಬೈಕ್ ರೇಸ್ ಕ್ಲಬ್ಬಿಗೆ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಮೈಕಿನಲ್ಲಿ ಕೂಗುವವ, ಏನೇ ಎಡವಟ್ಟಾದರೂ ಬೈಸಿಕೊಳ್ಳುವವ. ಈ ಸಲದ ಎಡವಟ್ಟು ಮಾತ್ರ ನೂರಕ್ಕೆ ನೂರು ನನ್ನದೇ.

ಪದ್ದಣ್ಣನ ಕಸುಬು ದೋಣಿಯ ಎಂಜಿನ್ ರಿಪೇರಿ. ಹದಿನೆಂಟಕ್ಕೆ ಮುಂಬೈಗೆ ಹೋಗಿ, ಸಸೂನ್ ಡಾಕ್ ಬಂದರಿನಲ್ಲಿ ಆರು ವರ್ಷ ಕೈ ಕಪ್ಪು ಮಾಡಿಕೊಂಡು, ವಾಪಸ್ ಬಂದು ಕೋಡಿಯಲ್ಲಿ ತಗಡಿನ ಶೆಡ್ ಹಾಕಿದ. ಈಗ ಐವತ್ತನಾಲ್ಕು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತರೆ ಅವನಿಗೆ ಕೈ ತುರಿಸುತ್ತದೆ, ಮನೆಯ ಮಿಕ್ಸಿಯನ್ನೂ ಬಿಚ್ಚಿ ಹರಡುತ್ತಾನೆ. ಅಂಥದ್ದೊಂದು ಮಳೆಗಾಲದಲ್ಲಿ, ಆಗಷ್ಟೇ ಪಿಯುಸಿ ಮುಗಿಸಿದ್ದ ಅಕ್ಕನ ಮಗಳು ಶರಣ್ಯಾ ಬಂದು, "ಮಾವ, ನಂಗೊಂದ್ ರೇಸ್ ಬೈಕ್ ಮಾಡಿ ಕೊಡಿ" ಎಂದಳು. ಮಿಕ್ಸಿ ಬದುಕಿತು.

ಗುಜರಿಯಲ್ಲಿ ಬಿದ್ದಿದ್ದ ನೂರು ಸಿಸಿಯ ಹಳೆ ಟೂ-ಸ್ಟ್ರೋಕ್ ಬೈಕ್ ತಂದ. ಟ್ಯಾಂಕಿಗೆ ಬೆಳ್ಳಿ ಬಣ್ಣ ಬಳಿದ, ಸಣ್ಣದಾಗಿ ಮಿಂಚುತ್ತಿತ್ತೆಂದು ಬೈಗೆ ಮೀನಿನ ಹೆಸರಿಟ್ಟ. ಅದರ ಮೇಲೆ ಕೂತು ಶರಣ್ಯಾ ಬ್ರಹ್ಮಾವರದ ಗದ್ದೆಯ ಟ್ರ್ಯಾಕಿನಲ್ಲಿ ಮೊದಲ ಕಪ್ ಗೆದ್ದಳು. ಮುಖ ಪೂರ್ತಿ ಕೆಸರು, ಹಲ್ಲು ಮಾತ್ರ ಬಿಳಿ! ಎರಡನೆಯದು ನೂರೈವತ್ತು ಸಿಸಿ, ಬೆನ್ನ ಮೇಲೆ ಕಪ್ಪು ಗೀರು, ಹಾಗಾಗಿ ಬಂಗುಡೆ. ಅದು ಬೈಂದೂರಿನಲ್ಲಿ ಕೊನೆಯ ಸುತ್ತಿಗೆ ಸೈಲೆನ್ಸರ್ ಉದುರಿಸಿ, ಊರಿಗೆಲ್ಲ ಕೇಳುವಂತೆ ಗುಡುಗುತ್ತ ಗೆದ್ದ ಗಾಡಿ. ಮೂರನೆಯದು ಚೆನ್ನೈಯಿಂದ ತಂದ ಸೆಕೆಂಡ್ ಹ್ಯಾಂಡ್ ಡರ್ಟ್ ಬೈಕ್, ಇನ್ನೂರೈವತ್ತು ಸಿಸಿ. ದುಬಾರಿಯಾದ್ದರಿಂದ ಅದಕ್ಕೆ ಸಂತೆಯ ದುಬಾರಿ ಮೀನು ಅಂಜಲಿನದೇ ಹೆಸರು. ಅದರ ಮೇಲೆ ಅವಳು ಮೂರು ವರ್ಷ ಬಿಡದೆ ರಾಜ್ಯದ ಚಾಂಪಿಯನ್.

ಇಷ್ಟೂ ವರ್ಷ ಪದ್ದಣ್ಣ ಈ ಬೈಕುಗಳನ್ನು ಟ್ರ್ಯಾಕಿಗೆ ತಳ್ಳಿಕೊಂಡೇ ಬರುತ್ತಿದ್ದ. ಸ್ಟ್ಯಾಂಡ್ ಹಾಕಿ ಆಕ್ಸಿಲರೇಟರ್ ತಿರುಗಿಸಿ, ಕಣ್ಣು ಮುಚ್ಚಿ ಕೇಳಿ, "ಮೂರ್ನೇ ಗೇರಲ್ ಒಂಚೂರ್ ಕೆಮ್ಮತ್ತ್" ಎನ್ನುತ್ತಿದ್ದ. ಒಂದು ಸುತ್ತು ಹೊಡೆಯಿರಿ ಎಂದರೆ, "ಮದಿಮಗಳ ಸೀರಿ ಬೇರೆಯವ್ರ್ ಉಡುಕಾಗ" ಎಂದು ಗಂಭೀರವಾಗಿ ಹೇಳುತ್ತಿದ್ದ. ನಾವು ತಲೆದೂಗುತ್ತಿದ್ದೆವು. ಮುಂಬೈಯಲ್ಲಿ ರೇಸ್ ಮಾಡಿದವನಂತೆ ಎಂದು ಯಾರೋ ಹುಟ್ಟಿಸಿದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಕಳೆದ ನವೆಂಬರಿನಲ್ಲಿ ಕುಂದಾಪುರದ ಮೈದಾನದಲ್ಲಿ ಶರಣ್ಯಾಳಿಗೆ ಸನ್ಮಾನ ಇಟ್ಟೆವು. ಮೂರೂ ಬೈಕುಗಳ ಮೆರವಣಿಗೆ, ಬೈಗೆಯ ಮೇಲೆ ಪದ್ದಣ್ಣ, ಬಂಗುಡೆಯ ಮೇಲೆ ನಾನು, ಅಂಜಲ್ ಮೇಲೆ ಚಾಂಪಿಯನ್. ಯೋಜನೆ ನನ್ನದೇ. ಮೀಟಿಂಗಿನಲ್ಲಿ ಚಪ್ಪಾಳೆ ಬಿದ್ದಾಗ ನನ್ನಷ್ಟು ಬುದ್ಧಿವಂತ ಮೂರು ತಾಲೂಕಿನಲ್ಲಿ ಇಲ್ಲ ಎನಿಸಿತ್ತು.

ನೋಟಿಸು ಹಂಚಿದ ಮಾರನೆಯ ಬೆಳಿಗ್ಗೆ ಪದ್ದಣ್ಣ ಅಂಗಡಿಗೆ ಬಂದ. ಟಯರಿನ ರಾಶಿಯ ಮೇಲೆ ಕೂತ.

"ಶೈಲೇಶ, ನಂಗೆ ಬೈಕ್ ಬಿಡುಕೆ ಬತ್ತಿಲ್ಲೆ."

"ತಮಾಷಿ ಮಾಡ್ಬೇಡಿ ಪದ್ದಣ್ಣ."

"ದೇವ್ರಾಣಿ. ಸೈಕಲ್ಲೂ ಬತ್ತಿಲ್ಲೆ. ಬಿದ್ರೆ ನೀರಿಗ್ ಬೀಳ್ಕ್ ಮಾರಾಯ, ಡಾಂಬ್ರಿಗ್ ಬೀಳುದ್ ನಂಗ್ ಹೆದ್ರಿಕಿ."

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು, ಕಡೆಗೆ ಹೆದರಿಕೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಷ್ಟೂ ಹುಡುಗರು ಇವನ ಮಾತಿನ ಮೇಲೆ ಕಾರ್ಬುರೇಟರ್ ಬಿಚ್ಚುತ್ತಾರೆ. ಊರೆದುರು ಇವನು ಮಗುಚಿ ಬಿದ್ದರೆ ಆ ಮಾತಿಗೆ ಮೂರು ಕಾಸಿನ ಬೆಲೆ ಉಳಿಯುವುದಿಲ್ಲ, ಶೆಡ್ಡಿನ ಮುಂದೆ ಹೋಗುವವರೆಲ್ಲ ಹಲ್ಲು ಕಿರಿಯುತ್ತಾರೆ. ನೋಟಿಸು ಹಿಂದಕ್ಕೆ ಪಡೆಯುವಂತಿರಲಿಲ್ಲ. ಉಳಿದದ್ದು ಹತ್ತು ದಿನ.

ಎಲ್‌ಎಲ್‌ಆರ್ ಒಂದನ್ನು ಮಾಡಿಸಿದೆವು. ದಿನಾ ಬೆಳಗಾಗುತ್ತಲೇ ಕೋಡಿಯ ಕಡಲ ಬದಿಯ ಗಟ್ಟಿ ಮರಳಿನಲ್ಲಿ ಪಾಠ ಶುರು. ಶರಣ್ಯಾ ಟೀಚರ್, ನಾನು ಬಿದ್ದವರನ್ನು ಎತ್ತುವವ. ಪದ್ದಣ್ಣನ ಕಷ್ಟ ವಿಚಿತ್ರವಾಗಿತ್ತು. ದೋಣಿಯ ಎಂಜಿನ್ನಿನ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಮೂವತ್ತು ವರ್ಷ ಅದನ್ನೇ ಹಿಡಿದ ಕೈ, ಬೈಕಿನಲ್ಲೂ ಹಾಗೇ ಮಾಡುತ್ತಿತ್ತು. ಬಲಕ್ಕೆ ಹೋಗಿ ಎಂದರೆ ಎಡಕ್ಕೆ ತಿರುಗಿಸಿ ಸೀದಾ ನೀರಿಗೆ! ದೋಣಿಗೆ ಬ್ರೇಕೂ ಇಲ್ಲವಲ್ಲ, ನಿಲ್ಲಿಸಿ ಎಂದರೆ ಆಕ್ಸಿಲರೇಟರ್ ಬಿಟ್ಟು, ದಡ ತಾನಾಗಿ ಬರುತ್ತದೆ ಎಂಬಂತೆ ಕಾಯುತ್ತಿದ್ದ. ಬಲೆ ಎಳೆಯುವವರು ಬಲೆ ಬಿಟ್ಟು ನಕ್ಕರು. ಇವರು ತನ್ನ ಜನ, ಹೊರಗೆ ಹೇಳುವವರಲ್ಲ ಎಂದು ಅವನು ಅವರಿಗಿಂತ ಜೋರಾಗಿ ನಕ್ಕ.

ಏಳನೆಯ ದಿನ ಶರಣ್ಯಾ ಯೋಚಿಸಿ ಹೇಳಿದಳು: "ಮಾವ, ಜೋರ್ ಹೋಪತಿಗೆ ನಾವೂ ಹಾಂಗೇ ಮಾಡುದ್. ಎಡಕ್ಕೆ ಹೋಯ್ಕಾರೆ ಹ್ಯಾಂಡಲ್ ಒಂಚೂರ್ ಬಲಕ್ಕೆ. ನಿಮ್ದ್ ತಪ್ಪಲ್ಲ, ಸ್ಪೀಡ್ ಸಾಲ್ದ್, ಅಷ್ಟೇ."

ಹೇಳಬಾರದಿತ್ತು.

ಮೆರವಣಿಗೆಯ ದಿನ ಮುಂದೆ ನಾಸಿಕ್ ಬ್ಯಾಂಡ್, ಅದರ ಹಿಂದೆ ಬೈಗೆ. ಕೆಂಪು 'ಎಲ್' ಅಕ್ಷರದ ಮೇಲೆ ಚೆಂಡುಹೂವಿನ ಮಾಲೆ ಇಳಿಬಿಟ್ಟಿದ್ದೆ. ಬ್ಯಾಂಡಿನವರ ನಡಿಗೆ ಆಮೆಯ ಹಾಗೆ. ಆ ವೇಗದಲ್ಲಿ ಪದ್ದಣ್ಣನ ಹ್ಯಾಂಡಲ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿತು. ಎರಡು ಸಲ ಮುಂದಿನ ಚಕ್ರ ಡ್ರಮ್ಮಿಗೆ ತಾಗಿತು, ಜನ ಅದೂ ತಾಳವೆಂದುಕೊಂಡರು. ಮೂರನೆಯ ಸಲ ಬೈಕ್ ಪೂರ್ತಿ ವಾಲಿದಾಗ ಅವನು ಒಮ್ಮೆ ತಿರುಗಿ ಶರಣ್ಯಾಳ ಕಡೆ ನೋಡಿದ. ಸ್ಪೀಡ್ ಸಾಲದು! ಆಕ್ಸಿಲರೇಟರ್ ತಿರುಗಿಸಿಯೇಬಿಟ್ಟ.

ಬೈಗೆ ಚೀರಿತು. ಬ್ಯಾಂಡು ಎರಡಾಗಿ ಸೀಳಿಹೋಯಿತು. ಮೈದಾನದ ಗೇಟಿನಲ್ಲಿ ಹಾರ ಹಿಡಿದು ನಿಂತ ಅತಿಥಿಗಳನ್ನು ದಾಟಿ, ಪದ್ದಣ್ಣ ಸಂಗಮದ ಸೇತುವೆ ಹತ್ತಿ ಹೈವೇಯಲ್ಲಿ ಬೈಂದೂರಿನ ಕಡೆಗೆ ಮಾಯವಾದ. ನಾನು ಮೈಕಿಗೆ ಓಡಿ, "ಪದ್ದಣ್ಣ ಗೌರವ ಸುತ್ತಿಗೆ ತೆರಳಿದ್ದಾರೆ" ಎಂದೆ. ಎಂಥ ಚಪ್ಪಾಳೆ! ಶರಣ್ಯಾ ಆಗಲೇ ಅಂಜಲ್ ತಿರುಗಿಸಿದ್ದಳು, ನಾನು ಬಂಗುಡೆ ಏರಿ ಹಿಂದೆ ಬಿದ್ದೆ.

ಹೆಮ್ಮಾಡಿಯಲ್ಲಿ ಇಲ್ಲ. ತ್ರಾಸಿಯಲ್ಲಿ ಎಳನೀರಿನವನೊಬ್ಬ, "ಹೂಮಾಲಿ ಹಾಕಿದ್ ಬೈಕಿನವ್ರಾ? ಪದ ಹೇಳ್ಕಂಡ್ ಹೋದ್ರ್" ಎಂದ. ನಾವುಂದದ ಹತ್ತಿರ ಕಂಡ. ಪೆಟ್ರೋಲ್ ಮುಗಿದು ಬೈಗೆ ತಾನಾಗಿ ನಿಂತಿತ್ತು. ಪದ್ದಣ್ಣ ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದ, ಕೂದಲು ಮುಳ್ಳುಹಂದಿಯ ಹಾಗೆ ಎದ್ದಿತ್ತು, ಹೆಲ್ಮೆಟ್ ಮಡಿಲಲ್ಲಿತ್ತು. ಪೆಟ್ಟಾಯಿತೇ ಎಂದು ಮೈ ಮುಟ್ಟಿ ನೋಡಿದೆವು. ಅವನು ತಲೆ ಅಲ್ಲಾಡಿಸಿ ಸುಮ್ಮನೆ ನಗುತ್ತಿದ್ದ. ಪೆಟ್ರೋಲ್ ಹಾಕಿಸಿದ ಮೇಲೆ ಬೈಗೆಯನ್ನು ಬೇರೆ ಯಾರಿಗೂ ಕೊಡಲೊಪ್ಪದೆ ತಾನೇ ಏರಿದ.

ಎರಡು ಗಂಟೆ ತಡವಾಗಿ ಸನ್ಮಾನ ನಡೆಯಿತು. ಪದ್ದಣ್ಣನಿಗೂ ಎರಡು ಮಾತಾಡಲು ಹೇಳಿದರು. ನಾನು ಕಿವಿಯಲ್ಲಿ, "ಗೌರವ ಸುತ್ತ್ ಅಂದಿದ್ದೆ, ಅದ್ನೇ ಹೇಳಿ" ಎಂದೆ. ಅವನು ಮೈಕ್ ಹಿಡಿದು, "ನಂಗೆ ಬೈಕ್ ಬಿಡುಕೆ ಬತ್ತಿರ್ಲಿಲ್ಲ. ಕಲ್ತ್ ಹತ್ತ್ ದಿನ ಆಯ್ತ್. ಮುಂಬೈ ರೇಸ್ ಎಲ್ಲ ಸುಳ್ಳ್" ಎಂದ.

ಮೈದಾನವಿಡೀ ಬಿದ್ದು ಬಿದ್ದು ನಕ್ಕಿತು. ಪದ್ದಣ್ಣ ಭಾರಿ ತಮಾಷೆಯವ ಎಂದು ಸಿಳ್ಳೆ ಹೊಡೆದರು. ಅವನು ನಗು ಮುಗಿಯಲೆಂದು ಕಾದ, ಮುಗಿಯಲಿಲ್ಲ. ಕಡೆಗೆ ಜನರನ್ನೇ ಬಿಟ್ಟು ಪಕ್ಕದಲ್ಲಿದ್ದ ಶರಣ್ಯಾಳ ಕಡೆ ತಿರುಗಿದ. ಮೈಕ್ ಬಾಯಿಯ ಹತ್ತಿರವೇ ಇತ್ತು.

"ಇಷ್ಟ್ ವರ್ಷ ಈ ಸುಖ ನೀ ಒಬ್ಳೇ ತಿಂದ್ಯಲೆ ಹೆಣೆ! ನಂಗೊಂದ್ ಮಾತ್ ಹೇಳುಕಾಗ್ದಾ?"

ನಗು ನಿಂತಿತು. ಅವನು ಮೊದಲು ಹೇಳಿದ್ದು ನಿಜವೆಂದು ಅಷ್ಟೂ ಜನಕ್ಕೆ ಒಟ್ಟಿಗೇ ನಂಬಿಕೆ ಬಂತು. ಶರಣ್ಯಾ ತನಗೆ ಹಾಕಿದ್ದ ಹಾರ ತೆಗೆದು ಮಾವನ ಕೊರಳಿಗೆ ಹಾಕಿ, "ನಾಳೆ ನೀವ್ ಅಂಜಲ್ ತಕಂಡ್ ಹೋಯ್ನಿ ಮಾವ" ಎಂದಳು.