ಹತ್ತು ಪದಗಳ ಪರೀಕ್ಷೆ

ಹುಣಸೂರಿನಲ್ಲಿ ಬಸ್ಸು ತಪ್ಪಬಹುದಿತ್ತು. ಗಾವಡಗೆರೆಯ ನಾಯಿ ಕಚ್ಚಬಹುದಿತ್ತು. ಪಿಂಚಣಿ ರದ್ದು ಮಾಡಲು ಬಂದವನೆಂದುಕೊಂಡು ಊರವರು ನನ್ನನ್ನು ಕೂಡಿಹಾಕಬಹುದಿತ್ತು. ಕೊಟ್ಟ ಮಜ್ಜಿಗೆ ಹೊಟ್ಟೆಗೆ ಆಗದಿರಬಹುದಿತ್ತು, ಬೇಡವೆಂದರೆ ಮನೆಯವರಿಗೆ ಬೇಜಾರಾಗಬಹುದಿತ್ತು. ನನ್ನ ಪ್ರಶ್ನೆ ಕೇಳಿ ಎಂಬತ್ತು ದಾಟಿದ ಅಜ್ಜಿಯ ಬಿ.ಪಿ. ಏರಬಹುದಿತ್ತು, ಅದಕ್ಕೂ ಮೊದಲು ನನ್ನದೇ ಏರಬಹುದಿತ್ತು. ವಯಸ್ಸಾದವರ ಸಂಸಾರ, ಸಂಪಾದನೆ, ನೆನಪಿನ ಶಕ್ತಿಯ ಬಗ್ಗೆ ಮನೆಮನೆಗೆ ಹೋಗಿ ಸಮೀಕ್ಷೆ ಮಾಡುವ ಕೆಲಸಕ್ಕೆ ಸೇರಿದಾಗಿನಿಂದ, ಇಷ್ಟನ್ನೂ ಮನಸ್ಸಿನಲ್ಲೇ ಎಣಿಸಿಕೊಳ್ಳದೆ ನಾನು ಚಪ್ಪಲಿ ಮೆಟ್ಟಿದವನಲ್ಲ.

ಆ ದಿನದ ಭಯ ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ತಿಂಗಳ ಹಿಂದೆ ಅಜ್ಜಿ ಹೊಲದಿಂದ ಬರುವಾಗ ದಾರಿ ತಪ್ಪಿ ಪಕ್ಕದೂರು ಸೇರಿದ್ದರಂತೆ. ಅಂದಿನಿಂದ ಮಗ ಅವರೊಬ್ಬರನ್ನೇ ಹೊಲಕ್ಕೆ ಬಿಟ್ಟಿರಲಿಲ್ಲ. ಹತ್ತು ಪದ ಓದುತ್ತೇನೆ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೇನೆ, ನೆನಪಿದ್ದಷ್ಟು ಹೇಳಿ ಎಂದು ನಾನು ವಿವರಿಸಿದ್ದೇ ತಡ, ಜಗಲಿಯಲ್ಲಿ ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುತ್ತಿದ್ದ ಮಗ ತಲೆಯೆತ್ತಿದ.

"ಸರಿ ಬುಡವ್ವ. ಹತ್ತೂ ಏಳ್ಬುಟ್ರೆ ಇನ್ಮೇಲೆ ಒಬ್ಳೇ ಓಗು. ಒಂದು ತೆಪ್ಪುದ್ರೂ ಮನೇಲಿರು."

ಇದು ಅಂಥ ಪರೀಕ್ಷೆಯಲ್ಲ, ಇದರಿಂದ ಏನನ್ನೂ ತೀರ್ಮಾನಿಸಬಾರದು ಎಂದು ತೊದಲಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಜ್ಜಿ ಸೆರಗು ಬಿಗಿದು ಕೂತರು.

"ನಿಧಾನಕ್ಕೆ ಓದಪ್ಪ. ತೆಪ್ಪಾದ್ರೆ ದನ ಕಟ್ಟಾಕ್ದಂಗೆ ಇವ್ನು ನನ್ನ ಕಟ್ಟಾಕ್ತಾನೆ."

ಒಂದೊಂದೇ ಪದವನ್ನು ನಿಧಾನಕ್ಕೆ ಓದಿದೆ. ನಡುವಿನ ಹೊತ್ತಿನಲ್ಲಿ ಊಟ, ನಿದ್ದೆ, ಮಂಡಿನೋವು ಎಂದು ಉಳಿದ ಪ್ರಶ್ನೆಗಳನ್ನು ಕೇಳಿದೆ. ಉತ್ತರ ಅವರು ಗಟ್ಟಿಯಾಗಿ ಕೊಟ್ಟರು, ಎರಡೆರಡು ಸಲ ಕೇಳಿ ಬರೆದುಕೊಂಡವನು ನಾನು. ಆಮೇಲೆ ಬೆರಳು ಮಡಚುತ್ತಾ ಪದಗಳನ್ನು ಹೇಳತೊಡಗಿದರು. ಒಂಬತ್ತು ಬಂದವು. ಹತ್ತನೆಯದಕ್ಕೆ ಕಣ್ಣು ಮುಚ್ಚಿದರು. ಮಗನ ಕೈ ನಿಂತಿತು. ಚೆನ್ನಾಗಿ ಓಡಾಡಿಕೊಂಡಿದ್ದ ಜೀವವನ್ನು ಒಂದು ಕಾಗದ ಹಿಡಿದು ಬಂದು ಮೂಲೆಗೆ ಕೂರಿಸಿಬಿಟ್ಟೆನಲ್ಲ ಎಂದುಕೊಂಡೆ.

ಕೊನೆಗೆ ಅವರು ಮೆಲ್ಲಗೆ ಅಂದದ್ದು ನನಗೆ "ಒಲೆ" ಎಂದು ಕೇಳಿಸಿತು. ಹಾಳೆಯಲ್ಲಿದ್ದದ್ದು "ಹೊಲ". ತಪ್ಪು ಗುರುತು ಹಾಕಿದೆ.

ಹಿಂದೆ ನಿಂತಿದ್ದ ಸೊಸೆ ಬಗ್ಗಿ ನೋಡಿದಳು.

"ಸಾ, ಅತ್ತೆ ಒಲೆ ಅನ್ನಲಿಲ್ಲ. ವಲ ಅಂದ್ರು. ನಾವೆಲ್ಲ ಅಂಗೇ ಕಣ್ರೀ ಅನ್ನೋದು."

ಮಗ ಮತ್ತೆ ಸೊಪ್ಪಿಗೆ ಕೈ ಹಾಕಿ, ಬಿಸಿಲೇರುವ ಮುಂಚೆ ಹೋಗಿ ಬಾ ಎಂದ. ಅಜ್ಜಿ ಆಗಲೇ ಕುಡುಗೋಲು ಹುಡುಕುತ್ತಿದ್ದರು. ಮೈಸೂರಿನ ಕಚೇರಿಗೆ ಹೋದ ಆ ಹಾಳೆಯಲ್ಲಿ ಹತ್ತನೆಯ ಪದದ ಮುಂದೆ ಹೊಡೆದುಹಾಕಿದ ತಪ್ಪು ಗುರುತೊಂದಿದೆ. ಪಕ್ಕದಲ್ಲಿ, ತಪ್ಪು ನನ್ನದೆಂದು ನನ್ನ ಸಹಿ.