ನಿಂತಿತ್ತು, ಶುರು ಮಾಡಿದೆ

ಸತ್ತವರು ಬಂದು ಹೋಗುತ್ತಾರೆ ಎನ್ನುವವರ ಜೊತೆ ನಾನು ಮೊದಲಿನಿಂದಲೂ ಜಗಳಕ್ಕೆ ಬೀಳುವವನು. ಅಂಥ ಮಾತು ಶುರುವಾದರೆ ಕ್ಯಾಂಟೀನಿನಲ್ಲಿ ಟೀ ಲೋಟ ಅಲ್ಲೇ ಇಟ್ಟು ಎದ್ದು ಹೋದದ್ದೂ ಉಂಟು. ಈಗಲೂ ನಂಬಿದ್ದೇನೆ ಎಂದು ಹೇಳಲಾರೆ. ಆದರೆ ನನ್ನ ಬೀರುವಿನಲ್ಲಿ ಒಂದು ಉದ್ದ ನೋಟ್ ಬುಕ್ ಇದೆ, ಅದರ ಒಂದು ಪುಟಕ್ಕೆ ನನ್ನ ಬಳಿ ಉತ್ತರವಿಲ್ಲ. ಆ ಪುಟದ ಕಥೆಯನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಭದ್ರಾವತಿಯ ಕಾಗದನಗರದಲ್ಲಿ ನಮಗೆ ಕ್ವಾರ್ಟರ್ಸ್ ಇತ್ತು. ಕಾರ್ಖಾನೆ ಮೂರು ಪಾಳಿಯಲ್ಲಿ ನಡೆಯುತ್ತಿದ್ದ ಕಾಲ. ನಾನು ಕಾಗದ ಒಣಗಿಸುವ ವಿಭಾಗದಲ್ಲಿದ್ದೆ. ಅಲ್ಲಿ ಗಂಟೆಗೊಮ್ಮೆ ಉಗಿಯ ಒತ್ತಡ ನೋಡಿ ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಎಲ್ಲ ನೆಟ್ಟಗಿದ್ದರೆ ಅಂಕಿಯ ಮುಂದೆ ‘ಸರಿ’ ಎಂದು ಬರೆಯುವುದು. ಕಾಗದ ಹರಿದೋ ಮತ್ತೇನಾಗಿಯೋ ಮಷಿನ್ ನಿಂತರೆ, ಅದನ್ನು ಮತ್ತೆ ಓಡಿಸಿದವನು ‘ನಿಂತಿತ್ತು. ಶುರು ಮಾಡಿದೆ’ ಎಂದು ಬರೆಯುವುದು. ಅಷ್ಟೇ. ಯಾಕೆ ನಿಂತಿತು ಎಂದು ಬರೆದರೆ ಬೆಳಿಗ್ಗೆ ಆಫೀಸಿನಲ್ಲಿ ನೂರು ಪ್ರಶ್ನೆ ಏಳುತ್ತವೆ, ಹಾಗಾಗಿ ಯಾರೂ ಬರೆಯುತ್ತಿರಲಿಲ್ಲ.

ನನ್ನ ಪಾಳಿಯಲ್ಲಿ ಜೊತೆಗಿದ್ದವನು ಮಲ್ಲೇಶಣ್ಣ. ನನಗಿಂತ ಎಂಟು ವರ್ಷ ದೊಡ್ಡವನು, ಮೈಯಲ್ಲೂ ನನಗಿಂತ ದೊಡ್ಡವನು, ಬಾಯಲ್ಲಿ ಯಾವಾಗಲೂ ಹೊಗೆಸೊಪ್ಪು. ಇಡೀ ಕಾರ್ಖಾನೆಯಲ್ಲಿ ಅಂಕಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದವನು ಅವನೊಬ್ಬನೇ. ಸೂಪರ್‌ವೈಸರ್ ಬೈದರೆ, “ಓದಕ್ಕೆ ಬರದಿದ್ರೆ ನನ್ನ ಮಗಳ ಹತ್ರ ಕಲೀರಿ ಸಾರ್, ಎರಡನೇ ಕ್ಲಾಸು” ಅನ್ನುತ್ತಿದ್ದ. ರಾತ್ರಿ ಪಾಳಿಯಲ್ಲಿ ಒಬ್ಬ ಕಣ್ಣು ಮುಚ್ಚಿದರೆ ಇನ್ನೊಬ್ಬ ಅವನ ಪರವಾಗಿ ಬರೆಯುವುದು ನಮ್ಮೊಳಗಿನ ಒಪ್ಪಂದ. ಮೊದಮೊದಲು ಇಬ್ಬರೂ ಸಮಸಮ ಮಲಗುತ್ತಿದ್ದೆವು. ಕೊನೆಯ ಎರಡು ವರ್ಷ ಅವನೇ ಹೆಚ್ಚು. ನಿಂತಲ್ಲೇ ತೂಗುತ್ತಿದ್ದ, ಮಾತಿನ ಮಧ್ಯೆ ತಲೆ ಎದೆಗೆ ಬೀಳುತ್ತಿತ್ತು, ಕೂತರೆ ಮಷಿನ್ ಸದ್ದನ್ನೂ ಮೀರಿಸಿ ಗೊರಕೆ. ಆ ಗೊರಕೆ ನಡುನಡುವೆ ಪೂರ್ತಿ ನಿಂತು, ಆಮೇಲೆ ಗೊಕ್ ಎಂದು ಮತ್ತೆ ಏಳುತ್ತಿತ್ತು. ನಾವೆಲ್ಲ ನಿಂತು ನೋಡಿ ನಗುತ್ತಿದ್ದೆವು. ನಾನು ಅವನ ಹಾಗೆಯೇ ಕನ್ನಡ ಅಂಕಿ ಬರೆಯುವುದನ್ನು ರೂಢಿ ಮಾಡಿಕೊಂಡು, ಯಾರಿಗೂ ಅನುಮಾನ ಬಾರದಂತೆ ಅವನ ಪುಟ ತುಂಬಿಸುತ್ತಿದ್ದೆ.

ಅವನು ಸತ್ತದ್ದು ರಾತ್ರಿ ಪಾಳಿ ಮುಗಿಸಿ ಬಂದು ಮನೆಯಲ್ಲಿ ಮಲಗಿದ್ದಾಗ. ಹಾಡಹಗಲು. ಸಾವಿನ ಮನೆಯಲ್ಲಿ ಅವನ ಹೆಂಡತಿ ಹೇಳಿದ ಮಾತು ನನ್ನ ಕಿವಿಯಿಂದ ಹೋಗಿಲ್ಲ. “ಹನ್ನೊಂದು ಗಂಟೆಗೆ ಗೊರಕೆ ನಿಂತೋಯ್ತು ಕಣಣ್ಣ. ಅಬ್ಬ, ಇವತ್ತಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡ್ತಿದಾರೆ ಅಂತ ಮಕ್ಕಳಿಗೆ ಗಲಾಟೆ ಮಾಡ್ಬೇಡಿ ಅಂತ ಬೈದೆ. ಊಟಕ್ಕೂ ಎಬ್ಬಿಸ್ಲಿಲ್ಲ.”

ಇದಾಗಿ ಮೂರು ವರ್ಷಕ್ಕೆ ನನ್ನ ತೂಕ ನೂರ ಮೂವತ್ತೆಂಟು ಕಿಲೋ ದಾಟಿತ್ತು. ಸಕ್ಕರೆ ಕಾಯಿಲೆ, ಮಂಡಿ ನೋವು, ಜೊತೆಗೆ ಮಲ್ಲೇಶಣ್ಣನದೇ ಗೊರಕೆ, ಅವನದೇ ತೂಕಡಿಕೆ. ಬೆಂಗಳೂರಿನ ಡಾಕ್ಟರು ಹೊಟ್ಟೆಯ ಆಪರೇಷನ್ ಮಾಡಿ ತೂಕ ಇಳಿಸೋಣ ಎಂದರು. ಆದರೆ ಅದಕ್ಕೆ ಮೊದಲು ಶಿವಮೊಗ್ಗದ ಶ್ವಾಸಕೋಶದ ಡಾಕ್ಟರಿಗೆ ತೋರಿಸಿ ಎಂದರು. ಆ ಡಾಕ್ಟರು ನಿದ್ದೆಯ ಪರೀಕ್ಷೆ ಮಾಡಿಸಿ, ಕಾಗದ ಕೆಳಗಿಟ್ಟು, “ನೀವು ಮಲಗಿದಾಗ ನಿಮ್ಮ ಉಸಿರು ನಿಲ್ಲುತ್ತೆ. ಮತ್ತೆ ಶುರುವಾಗುತ್ತೆ. ಒಂದಿನ ಶುರುವಾಗದೇ ಇರಬಹುದು” ಎಂದರು. ಮಲ್ಲೇಶಣ್ಣನಿಗೆ ಏನಾಗಿತ್ತು ಎಂದು ನನಗೆ ತಿಳಿದದ್ದು ಆ ಕುರ್ಚಿಯಲ್ಲಿ.

ಅವರು ಸಿಪ್ಯಾಪ್ ಎಂಬ ಯಂತ್ರ ಕೊಡಿಸಿದರು. ಟಿಫನ್ ಡಬ್ಬಿಯಷ್ಟು ದಪ್ಪದ ಪೆಟ್ಟಿಗೆ, ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ಮೂಗಿಗೆ ಕಟ್ಟಿಕೊಳ್ಳುವ ಮಾಸ್ಕ್. ಅದು ಗಾಳಿ ಒತ್ತಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಮೂರು ವಾರ ಅದನ್ನು ಕಟ್ಟಿಕೊಂಡೇ ಮಲಗಬೇಕು, ಎಷ್ಟು ಹೊತ್ತು ಕಟ್ಟಿದ್ದೆ ಎಂದು ದಿನವೂ ಬರೆದಿಡಬೇಕು, ಅದನ್ನು ನೋಡದೆ ಅರಿವಳಿಕೆ ಕೊಡುವವರು ನಿಮ್ಮನ್ನು ಮುಟ್ಟುವುದಿಲ್ಲ ಎಂದರು.

ಹೇಳುವುದು ಸುಲಭ. ನನಗೆ ಅದನ್ನು ಕಟ್ಟಿಕೊಂಡರೆ ಬಾವಿಯಲ್ಲಿ ಮುಳುಗಿಸಿದ ಹಾಗಾಗುತ್ತಿತ್ತು. ಉಸಿರು ಹೊರಗೆ ಬಿಡಲು ಹೋದರೆ ಗಾಳಿ ಎದುರು ನುಗ್ಗುತ್ತಿತ್ತು. ಬಾಯಿ ತೆರೆದರೆ ಬುಸ್ಸೆಂದು ಹೊರಗೆ. ಮೂಗಿನ ಮೇಲೆ ಹುಣ್ಣು, ಹೊಟ್ಟೆ ತುಂಬ ಗಾಳಿ. ಹತ್ತು ನಿಮಿಷಕ್ಕೆ ಕಿತ್ತೆಸೆಯುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ಮೊದಲು “ಒಳ್ಳೆ ಗಣಪತಿ ಹಂಗೆ ಕಾಣ್ತೀರಿ” ಎಂದು ನಗಿಸಲು ನೋಡಿದಳು, ಆಮೇಲೆ ಅತ್ತಳು. ಕೊನೆಗೆ ನಾನೊಂದು ಉಪಾಯ ಕಂಡುಕೊಂಡೆ. ಕಾರ್ಖಾನೆಯ ಬುದ್ಧಿ ಎಲ್ಲಿಗೆ ಹೋಗುತ್ತದೆ? ಯಂತ್ರ ಓಡಲು ಬಿಟ್ಟು, ಮಾಸ್ಕನ್ನು ದಿಂಬಿನ ಮೇಲಿಟ್ಟು, ಪಕ್ಕಕ್ಕೆ ತಿರುಗಿ ಮಲಗುತ್ತಿದ್ದೆ. ಎದ್ದ ಮೇಲೆ ನೋಟ್ ಬುಕ್ಕಿನಲ್ಲಿ ಆರು ಗಂಟೆ, ಏಳು ಗಂಟೆ ಎಂದು ಒಟ್ಟಿಗೆ ಬರೆಯುತ್ತಿದ್ದೆ. ಎರಡು ವಾರದ ಲೆಕ್ಕ ನೋಡಿ ಡಾಕ್ಟರು ಬೆನ್ನು ತಟ್ಟಿದರು. ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಆಪರೇಷನ್ನಿಗೆ ಇನ್ನು ಆರು ದಿನ ಇತ್ತು. ರಾತ್ರಿ ಪಾಳಿಯಲ್ಲಿ ಬೆಳಗಿನ ಜಾವ ನಾನು ನಿಂತಲ್ಲೇ ನಿದ್ದೆಹೋಗಿ, ಓಡುತ್ತಿದ್ದ ರೋಲರಿನ ಕಡೆಗೆ ಬಾಗಿದೆನಂತೆ. ಜೊತೆಯವನು ಅಂಗಿ ಹಿಡಿದು ಎಳೆದ. “ಸಾಯ್ತೀಯೇನೋ ಮಾರಾಯ!” ಎಂದು ಕೂಗಿದ. ಇವತ್ತು ಏನೇ ಆಗಲಿ ಅದನ್ನು ಕಟ್ಟಿಕೊಂಡೇ ಮಲಗುತ್ತೇನೆ ಎಂದು ನಿರ್ಧಾರ ಮಾಡಿ ಮನೆಗೆ ಬಂದೆ.

ಗಿರಿಜಾಳ ತಾಯಿಗೆ ಜ್ವರವೆಂದು ಅವಳು ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಶಿವಮೊಗ್ಗದ ರವೀಂದ್ರನಗರಕ್ಕೆ ಹೊರಟಳು. ನಮಗೆ ಮಕ್ಕಳಿಲ್ಲ. ನಾನು ಒಳಗಿನಿಂದ ಚಿಲಕ ಹಾಕಿದೆ. ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದೆ, ಅದರ ಜೇಬಿನಲ್ಲೇ ಕನ್ನಡಕ ಇಟ್ಟೆ. ಮಾಸ್ಕ್ ಕಟ್ಟಿಕೊಂಡು, ನೋಟ್ ಬುಕ್ಕಿನಲ್ಲಿ ಕಟ್ಟಿಕೊಂಡ ಹೊತ್ತು ಎಂಟು ಗಂಟೆ ಎಂದು ಎಂದಿನಂತೆ ಇಂಗ್ಲಿಷ್ ಅಂಕಿಯಲ್ಲಿ, ಗೆರೆ ಕಾಣದೆ ಓರೆಯಾಗಿ ಬರೆದು, ಪೆನ್ನನ್ನು ಅದರ ಮೇಲಿಟ್ಟು ಮಲಗಿದೆ. ಮೊದಲ ಅರ್ಧ ಗಂಟೆ ನರಕ. ಆಮೇಲೆ ಎರಡು ರಾತ್ರಿಯ ಆಯಾಸ ನನ್ನನ್ನು ಎಳೆದುಕೊಂಡು ಹೋಯಿತು.

ಮಧ್ಯೆ ಯಾವಾಗಲೋ ಒಂದು ಸಲ ಅರೆ ಎಚ್ಚರವಾಯಿತು. ಎಡಭುಜವನ್ನು ಯಾರೋ ಹಿಡಿದು ಎರಡು ಸಲ ಜಗ್ಗಿದರು. ಪಾಳಿಯಲ್ಲಿ ಎಬ್ಬಿಸುವಾಗ ಜಗ್ಗುತ್ತಾರಲ್ಲ, ಹಾಗೆ. ನಾನು ದೊಡ್ಡದಾಗಿ ಒಂದು ಉಸಿರು ಎಳೆದುಕೊಂಡೆ, ಎದೆ ನೋಯುವಷ್ಟು ದೊಡ್ಡದು. ಹೊಗೆಸೊಪ್ಪಿನ ವಾಸನೆ ಬಂತು. ಕಣ್ಣು ಬಿಡಲು ಆಗಲಿಲ್ಲ. ಹೆದರಿಕೆಯಾಗಲಿಲ್ಲ, ಅದೇ ಆಶ್ಚರ್ಯ. ‘ಇವನಿದ್ದಾನಲ್ಲ, ನೋಡಿಕೊಳ್ಳುತ್ತಾನೆ’ ಎನ್ನಿಸಿ ಮತ್ತೆ ನಿದ್ದೆಹೋದೆ.

ಪೂರ್ತಿ ಎಚ್ಚರವಾದಾಗ ಎರಡು ಗಂಟೆಯ ಹತ್ತಿರ. ಮಾಸ್ಕ್ ಮುಖದ ಮೇಲೇ ಇತ್ತು. ತಲೆ ಎಷ್ಟೋ ವರ್ಷದ ಮೇಲೆ ಹಗುರವಾಗಿತ್ತು. ಖುಷಿಯಿಂದ ಎದ್ದು, ಕನ್ನಡಕ ಹಾಕಿಕೊಂಡು, ಬರೆದಿಡೋಣ ಎಂದು ನೋಟ್ ಬುಕ್ ಎತ್ತಿಕೊಂಡೆ. ನಾನು ಬರೆದ ಎಂಟರ ಕೆಳಗೆ ಐದು ಸಾಲುಗಳಿದ್ದವು.

೯ — ಸರಿ.
೧೦ — ಸರಿ.
೧೧ — ನಿಂತಿತ್ತು. ಶುರು ಮಾಡಿದೆ.
೧೨ — ಸರಿ.
೧ — ಸರಿ.

ಎದ್ದು ಹೋಗಿ ಬಾಗಿಲು ನೋಡಿದೆ. ಚಿಲಕ ಹಾಕಿದ ಹಾಗೇ ಇತ್ತು. ಹನ್ನೊಂದಕ್ಕೆ ಕರೆಂಟ್ ಹೋಗಿರಬೇಕು, ಯಂತ್ರ ನಿಂತಿರಬೇಕು, ನಿದ್ದೆಗಣ್ಣಿನಲ್ಲಿ ನಾನೇ ಎದ್ದು ಏನೋ ಗೀಚಿರಬೇಕು ಎಂದು ಸಮಾಧಾನ ಮಾಡಿಕೊಂಡು ಪಕ್ಕದ ಮನೆಯ ಸೆಲ್ವಿಯಮ್ಮನನ್ನು ಕೇಳಿದೆ. ಅವರು ಇಡ್ಲಿ ಹಿಟ್ಟು ರುಬ್ಬಿ ಮಾರುತ್ತಿದ್ದರು.

“ಕರೆಂಟಾ? ಎಲ್ಲಿ ಹೋಗಿತ್ತಣ್ಣ? ಹತ್ತು ಗಂಟೆಯಿಂದ ಹನ್ನೆರಡರ ತನಕ ಗ್ರೈಂಡರ್ ಒಂದೇ ಸಮ ತಿರುಗ್ತಿತ್ತು. ಸದ್ದಿಗೆ ನಿಮ್ಮ ನಿದ್ದೆ ಹಾಳಾಯ್ತಾ?” ಎಂದರು.

ಕರೆಂಟ್ ಹೋಗಿಲ್ಲದಿದ್ದರೆ ಯಂತ್ರ ನಿಂತಿಲ್ಲ. ಹಾಗಾದರೆ ನಿಂತದ್ದು ಏನು?

ಸಂಜೆ ಬಂದ ಗಿರಿಜಾಳಿಗೆ ಪುಟ ತೋರಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ನೀವೇ ಬರ್ದಿರ್ತೀರಿ ಬಿಡಿ. ಮಲ್ಲೇಶಣ್ಣನ ಅಕ್ಷರ ನಿಮಗೆ ಬರುತ್ತಲ್ಲ” ಎಂದಳು. ಆ ಮಾತು ನಿಜ. ವರ್ಷಗಟ್ಟಲೆ ಬರೆದು ಕೈಗೆ ಕೂತ ಅಕ್ಷರ ಅದು. ಆದರೆ ಕನ್ನಡಕವಿಲ್ಲದೆ ನನಗೆ ಗೆರೆ ಕಾಣುವುದಿಲ್ಲ, ಆ ಐದು ಸಾಲೂ ಗೆರೆಯ ಮೇಲೆ ನೆಟ್ಟಗೆ ಕೂತಿದ್ದವು. ಗಂಟೆ ಗಂಟೆಗೆ ಸರಿಯಾಗಿ ಎದ್ದು, ಮಾಸ್ಕ್ ಕಟ್ಟಿಕೊಂಡೇ ಮೊಳೆಯವರೆಗೆ ಹೋಗಿ ಕನ್ನಡಕ ತಂದು, ಬರೆದು, ಮತ್ತೆ ಜೇಬಿನಲ್ಲಿಟ್ಟು ಬಂದೆನೇ? ಕೊಳವೆ ಅಷ್ಟು ಉದ್ದವಿರಲಿಲ್ಲ. ಅಂದಿನ ಪಾಳಿಗೆ ರಜೆ ಹಾಕಿದೆ. ಗಿರಿಜಾ ಆ ರಾತ್ರಿ ನನ್ನ ಎದೆಯ ಮೇಲೆ ಕೈ ಇಟ್ಟುಕೊಂಡೇ ಮಲಗಿದಳು.

ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ಹಿಂದಿನ ಸುಳ್ಳು ಲೆಕ್ಕವನ್ನೆಲ್ಲ ಒಪ್ಪಿಕೊಂಡೆ. ಅವರು ಬೈದು, ಆಪರೇಷನ್ನನ್ನು ಮೂರು ವಾರ ಮುಂದೂಡಿಸಿದರು. ಪುಟ ತಿರುವುತ್ತಾ ಆ ದಿನದ ಮೇಲೆ ಬೆರಳಿಟ್ಟರು.

“ಇದನ್ನ ಬರೆದವರು ಯಾರು?”

“ನಮ್ಮ ಪಾಳಿಯವರು” ಎಂದೆ.

“ಹನ್ನೊಂದಕ್ಕೆ ಏನಾಯ್ತು?”

“ಗೊತ್ತಿಲ್ಲ ಡಾಕ್ಟ್ರೇ.”

ಆಮೇಲಿನ ಮೂರು ವಾರ ಒಂದು ದಿನವೂ ತಪ್ಪಿಸದೆ ಮಾಸ್ಕ್ ಕಟ್ಟಿಕೊಂಡೆ. ಬೇರೆಯವರ ಅಕ್ಷರ ಮತ್ತೆ ಬರಲಿಲ್ಲ. ಆಪರೇಷನ್ ಆಯಿತು, ತೂಕ ಇಳಿಯಿತು, ಯಂತ್ರ ಅಟ್ಟ ಸೇರಿತು. ನಾನು ಬದುಕಿದ್ದೇನೆ. ಆ ಐದು ಸಾಲು ಬರೆದದ್ದು ನನ್ನ ಕೈಯೋ ಅಲ್ಲವೋ, ಇವತ್ತಿಗೂ ಹೇಳಲಾರೆ.

ಅದಕ್ಕಿಂತ ಹೆಚ್ಚು ನನ್ನನ್ನು ಕೊರೆಯುವುದು ಇನ್ನೊಂದು. ಎರಡು ವರ್ಷ ನಾನು ಮಲ್ಲೇಶಣ್ಣನ ಪಕ್ಕದಲ್ಲೇ ಕೂತು, ಅವನ ಉಸಿರು ನಿಲ್ಲುವುದನ್ನು ನೋಡಿ ನಕ್ಕು, ಅವನ ಅಕ್ಷರದಲ್ಲೇ ಗಂಟೆ ಗಂಟೆಗೂ ‘ಸರಿ’ ಎಂದು ಬರೆದೆ. ಒಂದು ರಾತ್ರಿಯೂ ಅದು ಸರಿ ಇರಲಿಲ್ಲ.