ನೀರೇರುವ ಮೊದಲು ದಾಟಬೇಕಿದ್ದ ಕುರಿ

ವಿಜಯಪುರದ ಬೀದಿಯಲ್ಲಿ ಹಳೆಯ ರೇಡಿಯೋ, ಚಾರ್ಜರುಗಳನ್ನು ರಾಶಿ ಹಾಕಿಕೊಂಡ ಕೈಗಾಡಿಯ ಮುಂದೆ ಮೊನ್ನೆ ಬಿಸಿಲಲ್ಲಿ ನಿಂತಿದ್ದೆ. ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬಬಲೇಶ್ವರದ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುತ್ತಿದ್ದ ಬಿಸಿಲು, ಟಿವಿಯ ಮುಂದೆ ಹಾಸಿದ ಚಾಪೆ, ಅದರ ಮೇಲೆ ಆಟದ ರಿಮೋಟು ಹಿಡಿದು ಕುಳಿತ ಶಾಂತತ್ತಿ. ಆ ಮನೆ ಈಗಿಲ್ಲ. ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ನೀವೂ ಇಂಥದ್ದೊಂದು ಮನೆಯನ್ನು ಕಳೆದುಕೊಂಡವರೇ ಆಗಿದ್ದರೆ, ವಾಸನೆಗೆ ಸಾಕ್ಷಿ ಕೇಳಲಾರಿರಿ. ಉಳಿದ ಎಲ್ಲದಕ್ಕೂ ಸಾಕ್ಷಿ ಕೇಳುವವಳು ನಾನು; ಚಿಕ್ಕಂದಿನ ಚಟ ಅದು, ಕಾಲೇಜಿನ ಚರ್ಚಾಸ್ಪರ್ಧೆಗಳು ಬೆಳೆಸಿದವು. ದೇವರನ್ನು ನಂಬುವುದಿಲ್ಲ. ಆದರೂ ಈ ಕಥೆಯಲ್ಲಿ ಒಬ್ಬ ದೇವರ ಮನುಷ್ಯ ಬರುತ್ತಾನೆ, ಏನು ಮಾಡುವುದು.

ಅವನು ಬಂದದ್ದು ವಿಡಿಯೋ ಗೇಮಿನ ಹಳದಿ ಕ್ಯಾಸೆಟ್ಟಿನೊಳಗೆ. ಕಾಕಾ ಗುದ್ದಾಟದ ಆಟವೆಂದು ತಂದಿದ್ದ. ಟಿವಿಗೆ ಹಚ್ಚಿದರೆ ಗಡ್ಡದ ಮುದುಕನೊಬ್ಬ, ಕೈಯಲ್ಲಿ ಕೋಲು, ಹೆಗಲ ಮೇಲೆ ಶಾಲು. ನೀರು ಏರುವುದರೊಳಗೆ ಅವನು ಕುರಿಗಳನ್ನು ಒಂದೊಂದಾಗಿ ದೋಣಿಗೆ ದಾಟಿಸಬೇಕು. ಯಾರ ಪರವಾನಗಿಯೂ ಇಲ್ಲದೆ, ಪರದೇಶದಲ್ಲಿ ಯಾರೋ ತಮ್ಮ ಧರ್ಮದ ಮಕ್ಕಳಿಗಾಗಿ ಮಾಡಿದ ಆಟ ಅದೆಂದು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಅಂದು ಮಾತ್ರ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಕನ್ನಡಕ ಏರಿಸಿಕೊಂಡು ನೋಡಿ, "ಯಾರೋ ಶರಣರು ಇದ್ದಂಗ ಕಾಣ್ತಾರ. ಕೈಕಾಲು ತೊಳಕೊಂಡು ಆಡ್ರಿ" ಎಂದುಬಿಟ್ಟ. ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹೇಳಿದ: ನಮ್ಮ ಮನಿ ಟಿವ್ಯಾಗ ಶರಣರು ಬಂದಾರ.

ಆ ಮಾತಿನಿಂದ ಉದ್ಧಾರವಾದವಳು ಶಾಂತತ್ತಿ, ಮುತ್ಯಾನ ಮಗಳು. ತಿಕೋಟಾದ ಗಂಡನ ಮನೆಯಿಂದ ಒಂದು ಸಂಜೆ ಒಬ್ಬಳೇ ಬಸ್ಸಿಳಿದು ಬಂದಿದ್ದಳು, ಮೊಣಕೈ ಬಾತಿತ್ತು. ಹೊಡೆದವರು ಯಾರೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಧಾರಾವಾಹಿ ನೋಡಿ ನೋಡಿ ತಲೆ ಕೆಟ್ಟಿದೆಯೆಂದು ಮುತ್ಯಾ ಅವಳಿಗೆ ಟಿವಿ ಬಂದ್ ಮಾಡಿಸಿದ್ದ. ಆದರೆ ಶರಣರನ್ನು ಬೇಡ ಎನ್ನುವುದು ಹೇಗೆ? ಮಧ್ಯಾಹ್ನ ರೊಟ್ಟಿ ಬಡಿದು, ಕೈ ತೊಳೆದು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದು ಕೂರುತ್ತಿದ್ದಳು. "ಅಯ್ಯ, ಮತ್ತ ನೀರಾಗ ಬಿತ್ತಲ್ಲೇ ಈ ಕುರಿ! ನಿನ್ನಂಗ ಇದಕ್ಕೂ ಬುದ್ಧಿ ಜಾಸ್ತಿ ಆಗೇತಿ ನೋಡು, ವಕೀಲ" ಎಂದು ನನ್ನ ತಲೆಗೆ ಮೊಟಕಿ ನಗುತ್ತಿದ್ದಳು. ಕಡೆಯ ಕುರಿಯನ್ನು ದಾಟಿಸುವುದು ಅವಳೊಬ್ಬಳಿಗೇ ಬರುತ್ತಿತ್ತು.

ಹಾಗೆ ಆಡುತ್ತಿದ್ದ ಒಂದು ಮಧ್ಯಾಹ್ನ ಬಾಗಿಲಲ್ಲಿ ಜೀಪು ನಿಂತಿತು. ಅತ್ತಿಯ ಗಂಡನ ಅಣ್ಣ, ತಿಕೋಟಾದ ಮಾಸ್ತರರು. ನೀರೂ ಕುಡಿಯದೆ ಟಿವಿಯ ಕಡೆ ನೋಡಿದರು.

"ಏನ್ರಿ ಮಾಮಾ, ಅಲ್ಲಿ ನಮ್ಮವ್ವ ಒಬ್ಬಾಕಿ ಒಲಿ ಮುಂದ ಕುಂತಾಳ. ಇಲ್ಲಿ ನಿಮ್ಮ ಮಗಳು ಆಟ ಆಡಾಕತ್ತಾಳ?"

"ಆಟ ಅಲ್ರಿ ಮಾಸ್ತರ, ಶರಣರದು ಅದು."

ಮಾಸ್ತರರು ಬಗ್ಗಿ ಪರದೆಯ ಮೇಲಿನ ಇಂಗ್ಲಿಷ್ ಸಾಲು ಓದಿದರು. ನಕ್ಕರು. "ಎಲ್ಲೀ ಶರಣರು? ಇದು ಪರದೇಶದವರ ದೇವ್ರ ಕಥಿ. ಊರ ತುಂಬ ಶರಣರು ಶರಣರು ಅಂತ ಹೇಳ್ಕೊಂತ ಹೊಂಟೀರಂತ!"

ಮುತ್ಯಾನ ಕಿವಿ ಕೆಂಪಾದವು. ನನಗೆ ತಡೆಯಲಾಗಲಿಲ್ಲ. "ಮುತ್ಯಾ, ವಿಜಾಪುರಕ್ಕ ಹೋದಾಗೆಲ್ಲ ದರ್ಗಾದಾಗ ಮುಲ್ಲಾನ ಕಡಿಂದ ಸಕ್ಕರಿ ಓದಿಸ್ತಿ. ಅಲ್ಲಿ ನಡಿತೈತಿ ಅಂದ್ರ ಇಲ್ಲಿ ಯಾಕ ನಡಿಯಂಗಿಲ್ಲ?"

ಮಾಸ್ತರರು ಪರದೆಯಿಂದ ಹಿಂದೆ ಸರಿದರು. ಇವತ್ತಿಗೂ ಹೇಳುತ್ತೇನೆ, ವಾದದಲ್ಲಿ ತಪ್ಪಿರಲಿಲ್ಲ. ಆದರೆ ಅಲ್ಲಿ ತೀರ್ಮಾನವಾಗಬೇಕಿದ್ದದ್ದು ದೇವರ ವಿಷಯವೇ ಅಲ್ಲ. ಅತ್ತಿ ಅಪ್ಪನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು: "ಯಪ್ಪಾ, ನೀ ಹೇಳು. ಇರ್ಲ್ಯೋ, ಹೋಗ್ಲ್ಯೋ?"

ಮುತ್ಯಾ ಅವಳ ಮೊಣಕೈ ನೋಡಲಿಲ್ಲ. ತನ್ನನ್ನು ನೋಡಿ ನಕ್ಕ ಮನುಷ್ಯನನ್ನು ನೋಡುತ್ತಿದ್ದ. ಬೆಳಕಿಂಡಿಯ ಬಿಸಿಲಲ್ಲಿ ಧೂಳು ತೇಲುತ್ತಿತ್ತು. "ಹೋಗು," ಎಂದ.

ಅತ್ತಿ ಆಟ ನಿಲ್ಲಿಸುವ ಗುಂಡಿ ಒತ್ತಿದಳು, ಒಲೆಯ ಮೇಲೆ ಹಾಲು ಉಕ್ಕುತ್ತಿದೆಯೆಂದು ಎದ್ದು ಹೋಗುವಾಗ ಒತ್ತುತ್ತಿದ್ದಳಲ್ಲ, ಹಾಗೆಯೇ. ಒಂದು ಚೀಲ ತುಂಬಲು ಎಷ್ಟು ಹೊತ್ತು ಬೇಕು? ಜೀಪಿನ ಸದ್ದು ತಿಕೋಟಾದ ಹಾದಿಯಲ್ಲಿ ಸಣ್ಣದಾಗುತ್ತ ಹೋಯಿತು. ಆಮೇಲೆ ಅವಳು ಹಬ್ಬಗಳಿಗೆ ಬಂದಳು, ಮುತ್ಯಾ ತೀರಿಕೊಂಡಾಗಲೂ ಬಂದಳು, ತಲೆಯ ಮೇಲೆ ಸೆರಗು ಹೊದ್ದು, ಕೇಳಿದ್ದಕ್ಕಷ್ಟೇ ಮಾತಾಡುವ ಹೆಂಗಸಾಗಿ. ನನ್ನ ತಲೆಗೆ ಮೊಟಕಿದ ಅತ್ತಿ ಮತ್ತೆ ಬರಲಿಲ್ಲ.

ಅಂದು ಜೀಪು ಹೋದ ಮೇಲೆ ಟಿವಿ ಆರಿಸಲು ಎದ್ದೆ. "ಆರಸಬ್ಯಾಡ," ಎಂದ ಮುತ್ಯಾ. ಬಂದು ಚಾಪೆಯ ಮೇಲೆ, ಅವಳು ಕೂರುತ್ತಿದ್ದ ಜಾಗ ಬಿಟ್ಟು, ಪಕ್ಕದಲ್ಲಿ ಕೂತ. "ಆಡು ನೀ."

ಗುಂಡಿ ಒತ್ತಿದೆ. ನಿಂತಿದ್ದ ನೀರು ಮತ್ತೆ ಏರತೊಡಗಿತು. ಮುದುಕನನ್ನು ಎಡಕ್ಕೆ ಓಡಿಸಿದೆ, ಬಲಕ್ಕೆ ಓಡಿಸಿದೆ. ಕಡೆಯ ಕುರಿ ಬಂಡೆಯ ತುದಿಯಲ್ಲೇ ನಿಂತಿತ್ತು.

"ವಕೀಲ, ಈ ಕುರಿ ಆಕಿ ಹೆಂಗ ದಾಟಸ್ತಿದ್ಲ ಬೇ?"

ಅಷ್ಟು ಮಧ್ಯಾಹ್ನಗಳು ಅವಳು ನಮ್ಮ ಕಣ್ಣೆದುರಿಗೇ ಆಡಿದ್ದಳು. ದಾರಿಯನ್ನು ನಾವು ಯಾರೂ ನೋಡಿಟ್ಟುಕೊಂಡಿರಲಿಲ್ಲ.